ಆರು ಮಾತ್ರೆಗೆ ಮೂರು ಹೆಸರು

ಭಾನುವಾರ ಸಂಜೆ ದೀಪಶ್ರೀ ತನ್ನ ಡೈರಿಯಲ್ಲಿ ಒಂದೇ ಸಾಲು ಬರೆದಳು: “ಮೂಗು ಕಟ್ಟಿದೆ, ಯಾರಿಗೂ ಹೇಳಿಲ್ಲ.”

ಬರೆದ ಮೇಲೆ ಗೋಡೆಯ ಕಡೆ ತಿರುಗಿ, ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಸೀನಿದಳು. ಸದ್ದಿಲ್ಲದೆ ಸೀನುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಕಿವಿಯಲ್ಲಿ ಗಾಳಿ ಹೊರಟಂತಾಗುತ್ತದೆ, ಕಣ್ಣುಗುಡ್ಡೆಗಳು ಒಮ್ಮೆ ಹೊರಗೆ ಬಂದು ಲೋಕ ನೋಡಿ ಒಳಗೆ ಹೋಗುತ್ತವೆ. ಆದರೂ ದೀಪಶ್ರೀ ಅದನ್ನು ಸಾಧಿಸಿದ್ದಳು. ಹುಟ್ಟಿದಾಗ ಅತ್ತದ್ದನ್ನು ಬಿಟ್ಟರೆ ಅವಳು ಸದ್ದು ಮಾಡಿ ಮಾಡಿದ ಕೆಲಸ ಒಂದೂ ಇರಲಿಲ್ಲ. ಡಿಗ್ರಿ ಓದುವಾಗ ಮೂರು ವರ್ಷ ಒಂದು ದಿನವೂ ತಪ್ಪಿಸದೆ ಕ್ಲಾಸಿಗೆ ಹೋಗಿಯೂ ಹಾಜರಿ ಕಮ್ಮಿ ಬಿದ್ದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು. ಅವಳ ‘ಯೆಸ್ ಮೇಡಂ’ ಎರಡನೇ ಬೆಂಚು ದಾಟಿ ಮೇಡಂವರೆಗೆ ಹೋಗಿಯೇ ಇರಲಿಲ್ಲ.

ಇಂಥವಳು ಈಗ ಒಂದು ಘನಂದಾರಿ ಕೆಲಸ ಮಾಡಿಬಿಟ್ಟಿದ್ದಳು. ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದದ್ದನ್ನೂ ಹೊರಟದ್ದನ್ನೂ ಮೈಕಿನಲ್ಲಿ ಹೇಳಲು ಸ್ಪಷ್ಟವಾಗಿ ಮಾತಾಡುವ ಪದವೀಧರರು ಬೇಕೆಂದು ಬಸ್ಸಿನೊಳಗೆ ಅಂಟಿಸಿದ್ದ ಚೀಟಿ ನೋಡಿ, ಅರ್ಜಿ ಹಾಕಿದ್ದಳು. ಮೈಕಿನ ಕೋಣೆಗೆ ಮೂರು ಕಡೆ ಗೋಡೆ, ಒಂದು ಕಡೆ ಮಸುಕು ಗಾಜು. ಒಳಗಿದ್ದವರು ಯಾರಿಗೂ ಕಾಣುವುದಿಲ್ಲ. ಯಾರ ಮುಖವನ್ನೂ ನೋಡದೆ ಇಡೀ ತೀರ್ಥಹಳ್ಳಿಯ ಜೊತೆ ಮಾತಾಡುವ ಕೆಲಸ! ದೇವರು ತನ್ನ ಅಳತೆ ತೆಗೆದೇ ಹೊಲಿಸಿದ ಕೆಲಸ ಇದು ಎಂದು ಅವಳಿಗೆ ಖಾತ್ರಿಯಾಗಿತ್ತು. ದನಿಯ ಪರೀಕ್ಷೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಆವತ್ತು ಬಾರದವರ ಅರ್ಜಿ ರದ್ದು.

ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಅಮ್ಮ ಬಂಗಾರಮ್ಮ, “ಮನೆಗೆ ನೆಂಟ್ರು ಬಂದ್ರೆ ಕೋಣೆ ಚಿಲಕ ಹಾಕ್ಕಳ್ಳೋಳು ಬಸ್ ಸ್ಟ್ಯಾಂಡಲ್ಲಿ ಕೂಗ್ತಾಳಂತೆ” ಎಂದು ನಗುತ್ತಿದ್ದಳು. ಅಪ್ಪ ಗುತ್ಯಪ್ಪ ತನ್ನ ಹಿಟ್ಟಿನ ಮಿಲ್ಲಿಗೆ ಬಂದವರಿಗೆಲ್ಲ ಹೇಳಿ ಅವರನ್ನೂ ನಗಿಸುತ್ತಿದ್ದ. ಆದ್ದರಿಂದ ಶುಕ್ರವಾರ ಮಾರ್ಕ್ಸ್ ಕಾರ್ಡ್ ತರಲು ತೀರ್ಥಹಳ್ಳಿಗೆ ಹೋಗುವುದಿದೆ ಎಂದಷ್ಟೇ ಹೇಳಿದ್ದಳು. ಈಗ ಶೀತವೆಂದು ಗೊತ್ತಾದರೆ ಅದಕ್ಕೂ ಕಲ್ಲು. ಬಂಗಾರಮ್ಮನ ರಾಜ್ಯದಲ್ಲಿ ಶೀತಕ್ಕೆ ಮೂರು ದಿನ ಮೆಣಸಿನ ಕಷಾಯ, ಹೊಸ್ತಿಲು ದಾಟಿದರೆ ಇನ್ನೂ ಮೂರು ದಿನ.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಹಂಡೆಯ ಮುಂದೆ ಅಭ್ಯಾಸ ಮಾಡಿ ನೋಡಿದಳು. “ಪ್ರಯಾಡಿಕರ ಗಬದಕ್ಕೆ. ಬಾಸ್ತಿಕಟ್ಟೆಗೆ ಹೋಗುವ ಬಸ್ಸು…” ಹಂಡೆಗೂ ಅರ್ಥವಾಗಲಿಲ್ಲ. ಮಾತ್ರೆ ಬೇಕು! ಬುಧವಾರದವರೆಗೆ ದಿನಕ್ಕೆ ಎರಡು, ಒಟ್ಟು ಆರು ಮಾತ್ರೆ. ಅಷ್ಟೇ ತಾನೆ?

ಅಷ್ಟೇ ಆಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ತನ್ನೂರು ಹುಣಸೆಹಕ್ಲು ಕ್ರಾಸಿನಿಂದ ಹೊಸನಗರಕ್ಕೆ ಹೋಗಿ ಮೆಡಿಕಲ್ ಶಾಪಿನ ಮುಂದೆ ನಿಂತು, ಗಿರಾಕಿಗಳೆಲ್ಲ ಹೋಗಲಿ ಎಂದು ಕಾದಳು. ಇಬ್ಬರು ಹೋದರೆ ಮೂವರು ಬರುತ್ತಿದ್ದರು. ಕೊನೆಗೆ ಅಂಗಡಿಯ ಶ್ರೀಕೃಷ್ಣನೇ ಕೂಗಿದ. “ಎಂತ ಬೇಕಮ್ಮಾ? ಆಗಿಂದ ನೋಡ್ತಿದೀನಿ, ಬಸ್ಸಿಗೆ ನಿಂತಂಗೆ ನಿಂತಿದೀಯಲ್ಲ.”

“ಶೀತದ್ದು ಮಾತ್ರೆ, ಆರು.”

ಆರು ಎಂದದ್ದೇ ತಡ, ಶ್ರೀಕೃಷ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಡಾಕ್ಟ್ರ ಚೀಟಿ ಇದ್ಯಾ?”

“ಬರೀ ಶೀತ…”

“ಬರೀ ಶೀತ ಅನ್ನೋದು ಹೋದ ತಿಂಗಳಿಗೆ ಮುಗೀತು!” ಎಂದು ಅವನು ಗೋಡೆಗೆ ಅಂಟಿಸಿದ್ದ ಕಾಗದಕ್ಕೆ ಸ್ಕೇಲಿನಿಂದ ಕುಟ್ಟಿದ. ಆ ವರ್ಷ ಬೇಸಗೆಗೆ ಮುಂಚೆಯೇ ಮಂಗನ ಕಾಯಿಲೆಯ ಗಾಳಿಸುದ್ದಿ ಎದ್ದಿತ್ತು. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಮನುಷ್ಯರಿಗೆ ಹತ್ತಿ ಜ್ವರ ಬರುತ್ತದೆ; ಜನ ಆಸ್ಪತ್ರೆಗೆ ಬರದೆ ಮಾತ್ರೆ ನುಂಗಿ ಜ್ವರ ಮುಚ್ಚಿಡುತ್ತಾರೆ; ಆದ್ದರಿಂದ ಜ್ವರ, ಶೀತ, ಮೈಕೈ ನೋವಿನ ಮಾತ್ರೆಗಳನ್ನು ಚೀಟಿಯಿಲ್ಲದೆ ಕೊಡತಕ್ಕದ್ದಲ್ಲ; ತುರ್ತಿದ್ದಲ್ಲಿ ಒಬ್ಬರ ಹೆಸರಿಗೆ ಎರಡೇ ಮಾತ್ರೆ ಕೊಟ್ಟು ಹೆಸರು, ವಯಸ್ಸು, ಊರು, ಫೋನ್ ನಂಬರ್ ಬರೆದು ಅದೇ ದಿನ ಆರೋಗ್ಯ ಕಚೇರಿಗೆ ಕಳಿಸತಕ್ಕದ್ದು. ಇದು ಆ ಕಾಗದದ ಸಾರಾಂಶ. ಇಪ್ಪತ್ತು ವರ್ಷ ಬರೀ ಮಾತ್ರೆ ಹರಿದು ಕೊಟ್ಟಿದ್ದ ಶ್ರೀಕೃಷ್ಣನಿಗೆ ಮೊದಲ ಬಾರಿಗೆ ಜನರನ್ನು ಪ್ರಶ್ನೆ ಕೇಳುವ ಅಧಿಕಾರ ಸಿಕ್ಕಿತ್ತು. ಅವನು ಅದನ್ನು ಚೂರೂ ಪೋಲು ಮಾಡುತ್ತಿರಲಿಲ್ಲ.

“ಯಾರಿಗೆ ಶೀತ? ಜೋರಾಗಿ ಹೇಳು, ಕಾಲಮ್ಮು ತುಂಬ್ಬೇಕು.”

ದೀಪಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ, “ಯಾರು, ಗುತ್ಯಪ್ಪನ ಮಗಳಲ್ಲನೇ?” ಎಂಬ ದನಿ. ಪಕ್ಕದ ಮನೆಯ ವಿಶಾಲಮ್ಮ! ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದಿದ್ದಳು. ವಿಶಾಲಮ್ಮನಿಗೆ ಗೊತ್ತಾದದ್ದು ಮನೆ ಮುಟ್ಟಲು ಬಸ್ಸಿಗೆ ಕಾಯುವುದಿಲ್ಲ. ಅಂಗಡಿಯಲ್ಲಿದ್ದ ಏಳು ಜನರೂ ತನ್ನ ಮೂಗನ್ನೇ ನೋಡುತ್ತಿದ್ದಾರೆ ಎಂದು ದೀಪಶ್ರೀಗೆ ಅನ್ನಿಸಿತು.

“ಅಮ್ಮನಿಗೆ” ಎಂದುಬಿಟ್ಟಳು.

“ಬಂಗಾರಿಗಾ?” ವಿಶಾಲಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. “ಬೆಳಿಗ್ಗೆ ಗಟ್ಟಿಮುಟ್ಟಾಗಿ ಸಗಣಿ ಬಾಚ್ತಿದ್ಲಲ್ಲೇ ಮಾರಾಯ್ತಿ! ಒಳಗೊಳಗೇ ಜ್ವರ ಇಟ್ಕಂಡು ಬಾಚ್ತಿದ್ಲಾ?”

“ಫೋನ್ ನಂಬರ್?” ಶ್ರೀಕೃಷ್ಣ ಕೇಳಿದ.

ಇಲ್ಲಿ ದೀಪಶ್ರೀ ತನ್ನ ನಂಬರನ್ನೇ ಕೊಟ್ಟಳು. ಹೆಸರು ಸುಳ್ಳು ಹೇಳಬಹುದು, ಅದು ಮನೆಯೊಳಗಿನದು; ನಂಬರ್ ಸುಳ್ಳು ಹೇಳಿದರೆ ಯಾರೋ ಪಾಪದವರ ಫೋನು ಹೊಡೆದುಕೊಳ್ಳುತ್ತದಲ್ಲ, ಅದು ಪಾಪ. ಸುಳ್ಳಿನಲ್ಲೂ ಇಷ್ಟು ನೀತಿ ಇಟ್ಟುಕೊಂಡವರು ಕೆಡದೇ ಇರುತ್ತಾರೆಯೆ?

ಡಾಕ್ಟರ ಹತ್ತಿರ ಹೋಗಿ ಚೀಟಿಯನ್ನೇ ಬರೆಸಿಕೊಳ್ಳಬಾರದಿತ್ತೆ ಎಂದು ನೀವು ಕೇಳಬಹುದು. ಆಸ್ಪತ್ರೆಯ ಬಾಗಿಲಲ್ಲೇ ಆಶಾ ಕಾರ್ಯಕರ್ತೆ ಕುಮುದಾ ಕೂತಿರುತ್ತಾಳೆ. ಕುಮುದಕ್ಕ ಮತ್ತು ಬಂಗಾರಮ್ಮ ಒಂದೇ ಸ್ವಸಹಾಯ ಸಂಘದವರು. ಬಾಗಿಲು ಮುಚ್ಚಿತು.

ಮಂಗಳವಾರ ಅರ್ಜಿಯ ಜೊತೆಗಿನ ಜೆರಾಕ್ಸ್ ಕೊಡಲು ತೀರ್ಥಹಳ್ಳಿಗೆ ಹೋದಳು. ಅಲ್ಲಿಯ ಮೆಡಿಕಲ್‌ನಲ್ಲಿ ರಿಜಿಸ್ಟರ್ ಬದಲು ಕಂಪ್ಯೂಟರಿತ್ತು, ಅದರ ಹಿಂದೆ ದಪ್ಪ ಜಡೆಯ ಹೆಂಗಸೊಬ್ಬಳಿದ್ದಳು. ಅಮ್ಮನ ಹೆಸರಿನ ಎರಡು ಮಾತ್ರೆ ಮುಗಿದಿದೆ. ಕಂಪ್ಯೂಟರಿಗೆ ಎಲ್ಲ ಊರಿನದೂ ಗೊತ್ತಿರುತ್ತದೆ ಎಂದು ದೀಪಶ್ರೀ ಲೆಕ್ಕ ಹಾಕಿದಳು.

“ಅಪ್ಪನಿಗೆ. ಗುತ್ಯಪ್ಪ. ಐವತ್ತಾರು.”

“ಈಚೆಗೆ ಕಾಡಿಗೆ ಹೋಗಿದ್ರಾ?”

ಮೂರು ವಾರದ ಹಿಂದೆ ಅಪ್ಪ ಕೊಟ್ಟಿಗೆಗೆ ಹಾಸಲು ಒಣಎಲೆ ತಂದದ್ದು ನೆನಪಾಯಿತು. ನಿಜ ಹೇಳಬೇಕಾದ ಕಡೆ ನಿಜವನ್ನೇ ಹೇಳಬೇಕು. “ದರಗು ತರಕ್ಕೆ ಹೋಗಿದ್ರು.”

ಹೆಂಗಸು ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿದಳು. ಅದು ಟಿಂಗ್ ಎಂದಿತು. ಆ ಟಿಂಗ್ ಎಲ್ಲಿಗೆ ಹೋಗಿ ಮುಟ್ಟಿತೆಂದು ದೀಪಶ್ರೀಗೆ ತಿಳಿಯಲಿಲ್ಲ. ಎರಡು ಮಾತ್ರೆ ಸಿಕ್ಕ ಖುಷಿಯಲ್ಲಿ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಕೂತಳು.

ಬುಧವಾರ ಸಾಗರ. ಶುಕ್ರವಾರ ತೊಡಬೇಕಾದ ಹೊಸ ಚೂಡಿದಾರ ಅಲ್ಲಿನ ಟೈಲರ್ ಹತ್ತಿರ ಇತ್ತು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಅಮ್ಮನದು ಆಯಿತು, ಅಪ್ಪನದು ಆಯಿತು, ಇನ್ನು ಯಾರು? ನೆಂಟರಿಷ್ಟರ ಹೆಸರು ಹೇಳಿ ಅವರಿಗೇನಾದರೂ ತೊಂದರೆಯಾದರೆ? ಬದುಕಿರುವ ಯಾರಿಗೂ ತೊಂದರೆ ಆಗಬಾರದು. ಆನಂದಪುರ ದಾಟುವಾಗ ಹೊಳೆಯಿತು. ಅಜ್ಜ ಕನ್ನಪ್ಪ! ತೀರಿಹೋಗಿ ಆರು ವರ್ಷ. ಅವನಿಗೆ ಯಾರು ಏನು ಮಾಡಿಯಾರು? ಇದಕ್ಕಿಂತ ಅಹಿಂಸೆಯ ಉಪಾಯ ಇನ್ನೊಂದಿಲ್ಲ ಎಂದು ಅವಳು ಸೀಟಿನಲ್ಲೇ ಪುಳಕಗೊಂಡಳು.

ಸಾಗರದ ಮೆಡಿಕಲ್‌ನಲ್ಲಿದ್ದ ಹುಡುಗಾಟದ ಮುಖದ ಯುವಕ ಪೆನ್ನು ಹಿಡಿದು ಕೇಳಿದ. “ಅಜ್ಜನ ವಯಸ್ಸು?”

ಸತ್ತ ಮೇಲೆ ವಯಸ್ಸು ಕೂಡಿಸಬೇಕೋ ಬಿಡಬೇಕೋ ದೀಪಶ್ರೀಗೆ ಗೊತ್ತಿರಲಿಲ್ಲ. ಬಿಟ್ಟಳು. “ಎಂಬತ್ತೆರಡು.”

“ಎದ್ದು ಓಡಾಡ್ತಾರಾ?”

“ಇಲ್ಲ.”

“ಊಟ ತಿಂಡಿ ಮಾಡ್ತಾರಾ?”

“ಇಲ್ಲ.”

ಯುವಕನ ಪೆನ್ನು ನಿಂತಿತು. “ಮಾತಾದ್ರೂ ಆಡ್ತಾರಾ?”

ದೀಪಶ್ರೀ ತಲೆ ತಗ್ಗಿಸಿ, ಇಲ್ಲ ಎಂದು ಆಡಿಸಿದಳು. ಒಂದು ಅಕ್ಷರವೂ ಸುಳ್ಳಿರಲಿಲ್ಲ.

“ಅಲ್ರೀ!” ಯುವಕ ಎದ್ದೇ ನಿಂತ. “ಮಾತಿಲ್ಲ, ಊಟ ಇಲ್ಲ, ಇಷ್ಟಾಗಿರೋ ಮುದುಕನಿಗೆ ಎರಡು ಶೀತದ ಮಾತ್ರೆ ತಗೊಂಡ್ಹೋಗಕ್ಕೆ ಬಂದಿದೀರಲ್ಲ, ಎಂತಾ ಜನಾನ್ರೀ ನೀವು! ಊರ ಹತ್ರ ಸತ್ತ ಮಂಗ ಏನಾದ್ರೂ ಕಂಡಿದ್ರಾ?”

ಹೊರಗೆ ಹೊಸನಗರದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇಲ್ಲ ಎಂದು ಮೂರು ಸಲ ಹೇಳಿಯಾಗಿತ್ತು. ನಾಲ್ಕನೆಯ ಸಲವೂ ಇಲ್ಲವೆಂದರೆ ಅವನ ಮನಸ್ಸಿಗೆ ಬೇಜಾರಾದೀತೆಂದು ದೀಪಶ್ರೀ, “ಒಂದು” ಎಂದು ಮಾತ್ರೆ ಕಸಿದುಕೊಂಡು ಓಡಿದಳು.

ಗುರುವಾರ ಬೆಳಗಾಗುವಷ್ಟರಲ್ಲಿ ಹುಣಸೆಹಕ್ಲು ಕ್ರಾಸಿನ ಲೋಕವೇ ಬದಲಾಗಿತ್ತು.

ಮೊದಲು ಡೇರಿಯಲ್ಲಿ ಬಂಗಾರಮ್ಮನ ಹಾಲನ್ನು ವಾಪಸು ಕಳಿಸಿದರು. “ಹುಷಾರಾಗು ಬಂಗಾರಕ್ಕ, ಆಮೇಲೆ ತಾ” ಎಂದರಂತೆ. ಬಂಗಾರಮ್ಮ ಕ್ಯಾನಿನ ಜೊತೆ ರಸ್ತೆಯಲ್ಲೇ ಕೂಗಾಡಿದಳು. ಹಾಗೆ ಕೂಗಾಡಿದ್ದೇ, ಜ್ವರ ತಲೆಗೇರಿದೆ ಎಂಬುದಕ್ಕೆ ಸಾಕ್ಷಿಯಾಯಿತು. ಹತ್ತು ಗಂಟೆಗೆ ಮಿಲ್ಲಿನಿಂದ ಡಬ್ಬಗಳು ಒಂದೊಂದಾಗಿ ಹೊರಡತೊಡಗಿದವು. ರಾಗಿ ಬೀಸಲು ಕೊಟ್ಟವರು ರಾಗಿಯನ್ನೇ, ಅರ್ಧ ಬೀಸಿದ್ದವರು ಅರ್ಧ ಹಿಟ್ಟು ಅರ್ಧ ಕಾಳನ್ನೇ, ಮೂಗಿಗೆ ಟವೆಲ್ ಕಟ್ಟಿಕೊಂಡು ಎತ್ತಿಕೊಂಡು ಹೋದರು.

“ಎಂತಾಗೈತ್ರೋ ನಿಮ್ಗೆ?” ಗುತ್ಯಪ್ಪ ಬೆಲ್ಟು ನಿಲ್ಲಿಸಿ ಕೇಳಿದ.

“ನಮ್ಗೆಂತ ಆಗಿಲ್ಲ ಗುತ್ಯಪ್ಪಣ್ಣ. ಆಗೋದು ಬ್ಯಾಡ ಅಂತ.”

ಮಧ್ಯಾಹ್ನ ಕುಮುದಾ ಬಂದಳು. ಅಂಗಳದ ಆಚೆಯೇ ನಿಂತು, ಕೊಕ್ಕೆ ಕೋಲಿನ ತುದಿಗೆ ಥರ್ಮಾಮೀಟರ್ ಕಟ್ಟಿ ಬಂಗಾರಮ್ಮನ ಕಡೆ ಚಾಚಿದಳು. “ಬಂಗಾರಕ್ಕಾ, ಮಲಗ್ಬೇಕಂತೆ ನೀನು. ಎದ್ದಿರಂಗಿಲ್ಲಂತೆ.”

“ಮಲಗಕ್ಕೆ ನಂಗೆಂತ ದಾಡಿಯೇ? ನಿಂಗೆ ಯಾರೇ ಹೇಳಿದ್ದು?”

“ನಂಗೆ ಮೇಲಿಂದ ಬಂದೈತೆ. ಮನೆಯಿಂದ ಯಾರೂ ಫೋನ್ ಎತ್ತಾ ಇಲ್ವಂತೆ. ಹದಿನಾಲ್ಕು ಸಲ ಮಾಡಿದಾರಂತೆ!”

ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ದೀಪಶ್ರೀಯ ಕೈಯಲ್ಲಿ ಫೋನು ಹದಿನೈದನೆಯ ಸಲ ನಡುಗುತ್ತಿತ್ತು. ಗೊತ್ತಿಲ್ಲದ ನಂಬರನ್ನು ಅವಳು ಜನ್ಮದಲ್ಲಿ ಎತ್ತಿದವಳಲ್ಲ. ಎತ್ತಿದರೆ ಮಾತಾಡಬೇಕಾಗುತ್ತದೆ. ಹೊರಗೆ ಹೋಗಿ ಹೇಳಿಬಿಡಲೇ ಎಂದು ಎರಡು ಹೆಜ್ಜೆ ಇಟ್ಟಳು. ಅಂಗಳದಾಚೆ ವಿಶಾಲಮ್ಮ, ಅವಳ ಹಿಂದೆ ಒಂಬತ್ತು ಜನ. ಮೂರು ಹೆಜ್ಜೆ ಹಿಂದಕ್ಕೆ ಬಂದಳು. ನಾಳೆ ಒಂಬತ್ತು ಇಪ್ಪತ್ತರ ಬಸ್ಸು ಹತ್ತಿಬಿಟ್ಟರೆ ಸಾಕು, ಬಂದಮೇಲೆ ಎಲ್ಲವನ್ನೂ ಹೇಳಿದರಾಯಿತು. ಫೋನು ಎತ್ತದಿದ್ದುದರಿಂದ, ಮನೆಮಂದಿಯೆಲ್ಲ ಪ್ರಜ್ಞೆ ತಪ್ಪಿ ಬಿದ್ದಿರುವ ಶಂಕೆ ಇದೆ ಎಂದು ಆರೋಗ್ಯ ಕಚೇರಿಯಲ್ಲಿ ಬರೆದುಕೊಂಡರು.

ಶುಕ್ರವಾರ! ದೀಪಶ್ರೀ ಹೊಸ ಚೂಡಿದಾರ ತೊಟ್ಟು, ಚೀಲ ಹೆಗಲಿಗೆ ಹಾಕಿ, ಮೂಗು ಅರ್ಧ ಬಿಟ್ಟಿದೆ ಎಂದು ಸಂತೋಷಪಟ್ಟು ಜಗಲಿಗೆ ಬರುವುದಕ್ಕೂ, ತಲೆಯ ಮೇಲೆ ಮೈಕು ಕಟ್ಟಿಕೊಂಡ ಜೀಪು ಮಿಲ್ಲಿನ ಮುಂದೆ ರಸ್ತೆಗಡ್ಡ ನಿಲ್ಲುವುದಕ್ಕೂ ಸರಿಹೋಯಿತು. “ಸಾರ್ವಜನಿಕರು ಗಾಬರಿಯಾಗಬಾರದು” ಎಂದು ಮೈಕು ಅರಚಿತು. ಕೇಳಿದ ಕೂಡಲೇ ಸಾರ್ವಜನಿಕರೆಲ್ಲ ಗಾಬರಿಯಾಗಿ ಓಡಿಬಂದು ಜೀಪಿನ ಸುತ್ತ ನೆರೆದರು.

ಇಳಿದವರು ಹೆಲ್ತ್ ಇನ್‌ಸ್ಪೆಕ್ಟರ್ ಮಂಜಯ್ಯ. ಮಂಜಯ್ಯನವರದು ಮೂವತ್ತು ವರ್ಷದ ಸರ್ವಿಸು. ಅದರಲ್ಲಿ ಮನುಷ್ಯರು ಅವರಿಗೆ ಸಾಕಷ್ಟು ಸಲ ಸುಳ್ಳು ಹೇಳಿದ್ದರು, ಪಟ್ಟಿ ಒಮ್ಮೆಯೂ ಹೇಳಿರಲಿಲ್ಲ. ಆದ್ದರಿಂದ ಅವರು ಪಟ್ಟಿಯನ್ನು ಮಾತ್ರ ನಂಬುತ್ತಿದ್ದರು.

“ಗುತ್ಯಪ್ಪ ಯಾರು?”

“ನಾನೇ.”

“ನೀವು ನಿಂತಿದ್ದೀರಲ್ರೀ!”

“ಮತ್ತೆ ಎಂತ ಮಾಡ್ಬೇಕಿತ್ತು?”

ಮಂಜಯ್ಯ ಅವನ ಹಣೆಗೆ ಬಿಳಿ ಪಿಸ್ತೂಲಿನಂಥ ಯಂತ್ರ ಹಿಡಿದರು. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಬಂಗಾರಮ್ಮನಿಗೆ ಹಿಡಿದರು. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಮಂಜಯ್ಯ ಜನರ ಕಡೆ ತಿರುಗಿ, ಮಗ್ಗಿ ಹೇಳಿಕೊಡುವ ಮೇಷ್ಟರ ಹಾಗೆ ವಿವರಿಸಿದರು. “ನೋಡಿದ್ರಾ? ಮಾತ್ರೆ ನುಂಗಿ ಜ್ವರ ಮುಚ್ಚಿಟ್ಟಿದಾರೆ. ಇದಕ್ಕೇ ನಾವು ಮಾತ್ರೆ ಕೊಡಬೇಡಿ ಅನ್ನೋದು.”

“ಹೌದ್ಹೌದು” ಎಂದರು ಜನ. ಜ್ವರವಿಲ್ಲದ್ದೇ ಜ್ವರಕ್ಕೆ ಸಾಕ್ಷಿಯಾದದ್ದನ್ನು ಕಣ್ಣಾರೆ ಕಂಡ ಮೇಲೆ ಇನ್ನೇನು ಉಳಿಯಿತು?

ಜಗಲಿಯಲ್ಲಿ ದೀಪಶ್ರೀ ಒಂದರ ಮೇಲೊಂದು ಮೂರು ಸೀನಿದಳು. ಈ ಸಲ ದುಪಟ್ಟಾ ಅಡ್ಡ ಹಿಡಿಯುವುದಕ್ಕೂ ಪುರುಸೊತ್ತಾಗಲಿಲ್ಲ. ಮಂಜಯ್ಯ ಪಟ್ಟಿ ನೋಡಿದರು. “ನೀವು ಯಾರಮ್ಮ? ಲಿಸ್ಟಲ್ಲಿಲ್ಲ. ಈ ಮಾಸ್ಕ್ ಹಾಕ್ಕೊಂಡು ದೂರ ನಿಂತ್ಕೊಳ್ಳಿ, ಇವರಿಂದ ನಿಮ್ಗೆ ಅಂಟೀತು.”

“ಸಾರ್…” ಎಂದಳು ದೀಪಶ್ರೀ. ಅದು ಮಾಸ್ಕಿನ ಒಳಗೇ ಉಳಿಯಿತು.

“ಎಲ್ಲಕ್ಕಿಂತ ಮುಖ್ಯ ಕನ್ನಪ್ಪ!” ಮಂಜಯ್ಯ ಗಡಿಬಿಡಿಯಲ್ಲಿ ಹೊಸ್ತಿಲು ದಾಟಿದರು. “ಎಂಬತ್ತೆರಡು ವರ್ಷ, ಎದ್ದು ಓಡಾಡಲ್ಲ, ಊಟ ಬಿಟ್ಟಿದಾರೆ, ಮಾತು ನಿಂತಿದೆ. ಎಲ್ರೀ ಮಲಗಿಸಿದೀರಿ ಅವರನ್ನ?”

ಗುತ್ಯಪ್ಪ ಹೆಂಡತಿಯ ಮುಖ ನೋಡಿದ. ಬಂಗಾರಮ್ಮ ಗೋಡೆ ನೋಡಿದಳು. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾರ ಹಾಕಿದ ಫೋಟೋದಲ್ಲಿ ಕನ್ನಪ್ಪಜ್ಜ, ಮುಂಡಾಸು ಸುತ್ತಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕುಳಿತಿದ್ದ.

“ಅಲ್ಲೇ ಅವ್ರೆ” ಎಂದು ಬಂಗಾರಮ್ಮ ಫೋಟೋದ ಕಡೆ ಕೈ ತೋರಿಸಿದಳು.

ಮಂಜಯ್ಯ ಟೋಪಿ ತೆಗೆದರು. “ತಡ ಆಯ್ತು. ಛೆ! ತಡ ಆಯ್ತು.” ಫೋನು ತೆಗೆದು, “ಸಾರ್, ಹುಣಸೆಹಕ್ಲು, ಒಂದು ಸಾವು” ಎಂದರು.

“ಸಾವಾ? ಆರು ವರ್ಷ ಆತು ಮಾರಾಯ್ರೆ!” ಗುತ್ಯಪ್ಪ ಕೂಗಿದ.

“ಆರು ವರ್ಷ ಹೇಗೆ ಆಗತ್ತೆ? ಬುಧವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ಸಾಗರದಲ್ಲಿ ಇವರ ಹೆಸರಿಗೆ ಮಾತ್ರೆ ಹೋಗಿದೆ.”

“ಪಂಚಾಯ್ತಿಲಿ ಬರ್ಸೀನಿ. ಮರಣ ಪತ್ರ ಐತೆ!”

“ಪಂಚಾಯ್ತಿದು ಆರು ವರ್ಷದ ಹಳೇ ದಾಖಲೆ. ಇದು ಮೊನ್ನೆದು. ಹೊಸಾ ದಾಖಲೆ ಇರುವಾಗ ಹಳೇದನ್ನ ಹೇಗ್ರೀ ನಂಬೋದು?” ಒಂದು ಗಳಿಗೆ ಗುತ್ಯಪ್ಪನಿಗೂ ತನ್ನಪ್ಪ ಯಾವಾಗ ಹೋದದ್ದೆಂದು ಅನುಮಾನ ಬಂತು.

“ಇಲ್ಲ ಸಾಹೇಬ್ರೆ, ಆರು ವರ್ಷವೇ” ಎಂದು ವಿಶಾಲಮ್ಮ ಮುಂದೆ ನುಗ್ಗಿದಳು. “ತಿಥಿ ಊಟ ನಾನೇ ಮಾಡೀನಿ. ಪಾಯಸ ಸೀದಿತ್ತು.”

“ಯಾವ ಪಾಯಸವೇ ಸೀದಿತ್ತು?” ಬಂಗಾರಮ್ಮ ಸೆರಗು ಸಿಕ್ಕಿಸಿದಳು. “ಮೂರು ಸಲ ಹಾಕಿಸ್ಕಂಡು ತಿಂದ್ಯಲ್ಲ ಆವತ್ತು, ಸೀದ ಪಾಯಸನ ಮೂರು ಸಲ ತಿಂತಾರೇನೇ?”

“ಸತ್ತೋರ ಮನೆ ಅಂತ ಬಿಡ್ಲಿಲ್ಲ ಅಷ್ಟೆ!”

“ಮಂಗದ ಹೆಣ ಎಲ್ಲಿ?” ಮಂಜಯ್ಯ ನಡುವೆ ಗದರಿದರು. ಎಲ್ಲರೂ ಸುತ್ತ ನೋಡಿದರು. ಮಿಲ್ಲಿನ ಶೀಟಿನ ಮೇಲೆ ದಿನಾ ಬರುವ ಮಂಗ ಒಂದು ಕೂತು, ಬಂಗಾರಮ್ಮ ಒಣಹಾಕಿದ್ದ ಹಪ್ಪಳ ಮುರಿಯುತ್ತಿತ್ತು. ತನ್ನ ಕಡೆ ಇಷ್ಟೊಂದು ಜನ ಆಸೆಯಿಂದ ನೋಡಿದ್ದನ್ನು ಅದು ಹಿಂದೆಂದೂ ಕಂಡಿರಲಿಲ್ಲ. ಹಪ್ಪಳದ ಸಮೇತ ಪರಾರಿಯಾಯಿತು.

“ಸಾಕು!” ಮಂಜಯ್ಯ ಪಟ್ಟಿ ಮಡಚಿದರು. “ಆಂಬುಲೆನ್ಸ್ ಬರ್ತಾ ಇದೆ. ಈ ಮನೆಯವರೆಲ್ಲ ತಾಲ್ಲೂಕು ಆಸ್ಪತ್ರೆಗೆ. ಯಾರೂ ಬೇರೆ ಕಡೆ ಕದಲಬಾರದು, ಬಸ್ಸು ಹತ್ತಬಾರದು.”

ಅದೇ ಹೊತ್ತಿಗೆ ತಿರುವಿನಲ್ಲಿ ಹಾರ್ನ್ ಕೇಳಿತು. ಒಂಬತ್ತು ಇಪ್ಪತ್ತರ ಬಸ್ಸು! ಜೀಪು ಅಡ್ಡವಿದ್ದದ್ದರಿಂದ ಅದು ಮಿಲ್ಲಿನ ಮುಂದೆಯೇ ನಿಂತಿತು. ಕಿಟಕಿಗಳಿಂದ ನಲವತ್ತು ತಲೆ ಹೊರಗೆ ಬಂದವು. ದೀಪಶ್ರೀ ಜನರ ಕಂಕುಳ ಕೆಳಗೆ ನುಸುಳಿ, ಬಸ್ಸಿನ ಬಾಗಿಲಿಗೆ ಕೈಯಿಟ್ಟಳು. ಕಂಡಕ್ಟರ್ ರಾಜು ಮೆಟ್ಟಿಲ ಮೇಲೆ ಅಡ್ಡ ನಿಂತ.

“ಬ್ಯಾಡ ತಂಗಿ. ಗುತ್ಯಪ್ಪಣ್ಣನ ಮನೆಯೋರ್ನ ಹತ್ತಿಸ್ಕಬೇಡ ಅಂತ ಹೊಸನಗರದಲ್ಲೇ ಹೇಳಿ ಕಳ್ಸಾರೆ. ಹತ್ತಿಸ್ಕಂಡ್ರೆ ಇಡೀ ಬಸ್ಸಿಗೇ ಇಂಜೆಕ್ಷನ್ ಅಂತೆ.”

“ಹತ್ತಿಸ್ಬೇಡ! ಹತ್ತಿಸ್ಬೇಡ!” ಎಂದವು ನಲವತ್ತು ತಲೆಗಳು.

ಹನ್ನೊಂದಕ್ಕೆ ಪರೀಕ್ಷೆ. ಇದಾದ ಮೇಲೆ ತೀರ್ಥಹಳ್ಳಿಗೆ ಬಸ್ಸಿರುವುದು ಹನ್ನೊಂದೂವರೆಗೆ. ಹೇಳಬೇಕು, ಈಗಲೇ ಹೇಳಬೇಕು. ಆದರೆ ಇಷ್ಟು ಮುಖಗಳ ಎದುರಿಗೆ? ದೀಪಶ್ರೀಯ ಕಣ್ಣು ಜೀಪಿನ ಮೇಲೆ ಬಿತ್ತು. ಒಳಗೆ ಮುಂದಿನ ಸೀಟಿನಲ್ಲಿ, ಸುರುಳಿ ತಂತಿಯ ತುದಿಗೆ, ಮೈಕು ತೂಗುತ್ತಿತ್ತು. ಕಪ್ಪು ಗಾಜು ಏರಿಸಿಕೊಂಡರೆ ಯಾರಿಗೂ ಕಾಣುವುದಿಲ್ಲ!

ಓಡಿದಳು. ಜೀಪು ಹತ್ತಿ ಬಾಗಿಲು ಎಳೆದುಕೊಂಡು, ಗಾಜು ಏರಿಸಿ, ಮಾಸ್ಕ್ ಕಿತ್ತು, ಮೈಕಿನ ಗುಂಡಿ ಒತ್ತಿ, ಕಣ್ಣು ಮುಚ್ಚಿ, ಎಲ್ಲವನ್ನೂ ಹೇಳಿದಳು. ಮೊದಲಿಂದ ಕೊನೆಯವರೆಗೆ, ಒಂದೂ ಬಿಡದೆ, ಎಷ್ಟು ಚೆನ್ನಾಗಿ ಹೇಳಿದಳೆಂದರೆ ಅವಳಿಗೇ ಆಶ್ಚರ್ಯವಾಯಿತು. ಕಣ್ಣು ತೆರೆದಳು. ಹೊರಗೆ ಬಂಗಾರಮ್ಮ ಮತ್ತು ವಿಶಾಲಮ್ಮ ಪಾಯಸದ ಜಗಳದಲ್ಲೇ ಇದ್ದರು. ಯಾರೊಬ್ಬರೂ ತಿರುಗಿ ನೋಡಿರಲಿಲ್ಲ. ಡ್ರೈವರು ಕೀ ಕಿತ್ತುಕೊಂಡು ಚಾ ಕುಡಿಯಲು ಹೋಗಿದ್ದ. ಮೈಕಿಗೆ ಕರೆಂಟೇ ಇರಲಿಲ್ಲ.

ಅತ್ತ ನಾಲ್ಕಾರು ಜನ ಸೇರಿ ಬಸ್ಸಿಗೆ ದಾರಿ ಮಾಡಿಕೊಡಲು ಜೀಪನ್ನೇ ಹಿಂದಕ್ಕೆ ತಳ್ಳತೊಡಗಿದರು, ದೀಪಶ್ರೀಯ ಸಮೇತ. ಬಸ್ಸಿನ ಎಂಜಿನ್ ಗುಡುಗಿತು. ರಾಜು ಸೀಟಿ ಬಾಯಿಗಿಟ್ಟ.

ಆ ಸೀಟಿ ಊದುವುದರೊಳಗೆ ದೀಪಶ್ರೀ ಜೀಪಿನಿಂದ ಧುಮುಕಿ, ರಸ್ತೆಯ ನಡುವೆ, ಬಸ್ಸಿನ ಮೂತಿಯ ಮುಂದೆ, ಎರಡೂ ಕೈ ಅಗಲಿಸಿ ನಿಂತಳು.

“ಶೀತ ಆಗಿರದು ನಂಗೆ!”

ಹುಣಸೆಹಕ್ಲಿನಲ್ಲಿ ಇಂಥ ದನಿ ಇದೆಯೆಂದು ಆವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಪಾಯಸ ಅರ್ಧಕ್ಕೇ ನಿಂತಿತು. ಡ್ರೈವರು ಚಾ ಗ್ಲಾಸು ಹಿಡಿದುಕೊಂಡೇ ಅಂಗಡಿಯಿಂದ ಈಚೆ ಬಂದ.

“ಅಮ್ಮಂಗಿಲ್ಲ! ಅಪ್ಪಂಗಿಲ್ಲ! ಅಜ್ಜ ಸತ್ತು ಆರು ವರ್ಷ ಆತು! ಮಂಗ ಸತ್ತೇ ಇಲ್ಲ! ಒಂದು ಹೆಸರಿಗೆ ಎರಡೇ ಮಾತ್ರೆ ಅಂದ್ರು, ಮೂರು ಊರಲ್ಲಿ ಮೂರು ಹೆಸರು ಹೇಳ್ದೆ. ಆರೂ ನಾನೇ ತಿಂದೆ!”

ಮಂಜಯ್ಯ ಪಟ್ಟಿ ಬಿಡಿಸಿದರು. ಮೂರು ಹೆಸರಿನ ಮುಂದೆಯೂ ಒಂದೇ ನಂಬರು. ತಮ್ಮ ಫೋನಿನಿಂದ ಆ ನಂಬರಿಗೆ ಒತ್ತಿದರು. ದೀಪಶ್ರೀಯ ಚೀಲ ಕೂಗಿತು. ಅವರು ನಿಧಾನಕ್ಕೆ ಬಂದು ಅವಳ ಹಣೆಗೆ ಯಂತ್ರ ಹಿಡಿದರು. ತೊಂಬತ್ತೆಂಟು ಪಾಯಿಂಟ್ ನಾಲ್ಕು. “ಬರೀ ಶೀತ” ಎಂದರು, ಮೂವತ್ತು ವರ್ಷದ ಸರ್ವಿಸು ಒಮ್ಮೆಗೇ ಸುಸ್ತಾದ ದನಿಯಲ್ಲಿ. “ಫೋನ್ ಒಂದು ಎತ್ತಿದ್ರೆ ಆಗ್ತಿತ್ತಲ್ಲಮ್ಮ! ಈಗ ಒಂದು ಸಾವನ್ನ ವಾಪಸ್ ತಗೊಳ್ಳೋದು ಹೇಗೆ ಅಂತ ನಂಗೆ ಯಾರು ಹೇಳ್ಕೊಡ್ತಾರೆ?”

“ಹಂಗಾರೆ ಹತ್ತಿಸ್ಕಬಹುದಾ ಸಾರ್?” ರಾಜು ಕೇಳಿದ.

“ಹತ್ತಿಸ್ಕೊಳ್ರೀ. ಎಲ್ಲಿಗಾದ್ರೂ ಕರ್ಕೊಂಡ್ಹೋಗಿ.”

ರಾಜು ಮೆಟ್ಟಿಲಿನಿಂದ ಪಕ್ಕಕ್ಕೆ ಸರಿದ. ಆದರೆ ಈಗ ಅಡ್ಡ ಬಂದವಳು ಬಂಗಾರಮ್ಮ. ಮಗಳ ರಟ್ಟೆ ಹಿಡಿದಳು. “ಎಲ್ಲಿಗೂ ಬ್ಯಾಡ. ನಾಲ್ಕು ದಿನದಿಂದ ಶೀತ ಇಟ್ಕಂಡು ಮೂರು ಊರು ಸುತ್ತೀಯಾ? ಒಳಗೆ ನಡಿ, ಕಷಾಯ ಕುಡಿ.”

“ಹೌದೇ ಮಗಾ” ಎಂದ ಗುತ್ಯಪ್ಪ. “ಮಾರ್ಕ್ಸ್ ಕಾರ್ಡು ಎಲ್ಲಿಗೂ ಓಡಿ ಹೋಗಲ್ಲ. ಸೋಮವಾರ ತಂದ್ರಾತು. ಅಷ್ಟಕ್ಕೂ ಶೀತ ಅಂತ ನಂಗೆ ಹೇಳಕ್ಕೆ ಎಂತ ಆಗಿತ್ತು ನಿಂಗೆ?”

ಬಸ್ಸು ಗುರುಗುಡುತ್ತಿತ್ತು. ನಲವತ್ತು ತಲೆ ಕಿಟಕಿಯಲ್ಲಿ, ಮೂವತ್ತು ತಲೆ ರಸ್ತೆಯಲ್ಲಿ, ವಿಶಾಲಮ್ಮ ಎಲ್ಲರಿಗಿಂತ ಮುಂದೆ. ದೀಪಶ್ರೀ ಒಂದೊಂದೇ ಮುಖವನ್ನು ನೋಡಿದಳು. ಎಲ್ಲರೂ ಅವಳು ಮಾತಾಡಲೆಂದು ಕಾಯುತ್ತಿದ್ದರು. ಅಮ್ಮನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಮಾರ್ಕ್ಸ್ ಕಾರ್ಡಿಗಲ್ಲ ಅಪ್ಪ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಲ್ಲಿ ಮೈಕಲ್ಲಿ ಬಸ್ಸಿನ ಹೆಸರು ಹೇಳೋ ಕೆಲ್ಸಕ್ಕೆ ಕರ್ದಾರೆ, ಇವತ್ತು ಹನ್ನೊಂದಕ್ಕೆ. ನೀವೆಲ್ಲ ನಗ್ತೀರಿ ಅಂತ ಹೇಳಿರ್ಲಿಲ್ಲ. ನಗಿ ಬೇಕಾರೆ. ನಂಗೆ ಆ ಕೆಲ್ಸ ಬೇಕು.”